ಗ್ರಂಥದ ಒಡೆಯನಾರು?

ಹೊಲದ ಒಡೆಯನಾರೆಂಬುದನ್ನು ತಿಳಿಯುವುದು ಕಷ್ಟವಲ್ಲ. ಕ್ರಯಪತ್ರವನ್ನೋ ಪಹಣಿಯನ್ನೋ ನೋಡಿದರೆ ಸಾಕು. ಮನೆಯ ಒಡೆತನಕ್ಕೂ ಅಂಥವೇ ದಾಖಲೆಗಳುಂಟು. ಆದರೆ ಗ್ರಂಥವೊಂದರ ಒಡೆಯನಾರು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ದೊರೆಯದು. ಹಣ ತೆತ್ತು ಕೊಂಡವನು ಒಡೆಯನೇ? ಪಿತ್ರಾರ್ಜಿತವಾಗಿ ಪಡೆದವನೇ? ಯುದ್ಧದಲ್ಲಿ ಗೆದ್ದು ತಂದವನೇ? ಇಲ್ಲವೆ, ಅದನ್ನು ಪುಟಪುಟವಾಗಿ ಓದಿ, ಅರಿತು, ತನ್ನದನ್ನಾಗಿ ಮಾಡಿಕೊಂಡವನೇ? ಈ ಪ್ರಶ್ನೆಗಳಿಗೆ ಉತ್ತರವನ್ನು ಅರಸುವವರಿಗೆ ಇಟಲಿ ದೇಶದ ಮಿಲಾನ್ ನಗರದಲ್ಲಿರುವ ಒಂದು ಹಸ್ತಪ್ರತಿಯ ಚರಿತ್ರೆ ದಾರಿ ತೋರಬಲ್ಲುದು. ಸುಮಾರು ಏಳುನೂರು ವರ್ಷಗಳ ಬಾಳಿನಲ್ಲಿ ಆ ಗ್ರಂಥವು ಪ್ರೀತಿಯನ್ನೂ ಕಂಡಿದೆ, ಕಳ್ಳತನವನ್ನೂ ಕಂಡಿದೆ. ಅರಮನೆಯಲ್ಲಿಯೂ ಇದ್ದಿದೆ, ಸೈನಿಕರ ಸಾಮಾನಿನೊಡನೆ ಗಡಿಯನ್ನೂ ದಾಟಿದೆ.

ಅದು ರೋಮಿನ ಮಹಾಕವಿ ವರ್ಜಿಲನ ಕಾವ್ಯಗಳ ಪ್ರತಿ. ಕ್ರಿ.ಪೂ. 70ರಿಂದ 19ರವರೆಗೆ ಬಾಳಿದ ಈ ಕವಿಯು ಲ್ಯಾಟಿನ್ ಭಾಷೆಯಲ್ಲಿ ಕುರುಬರ ಬಾಳನ್ನು ಕುರಿತ ಗೀತೆಗಳನ್ನೂ, ಬೇಸಾಯವನ್ನು ಕುರಿತ ಕಾವ್ಯವನ್ನೂ, ಈನಿಯಸನೆಂಬ ವೀರನ ಕಥೆಯಾದ 'ಈನಿಯಡ್' ಮಹಾಕಾವ್ಯವನ್ನೂ ರಚಿಸಿದನು. ಪ್ರಾಚೀನ ವ್ಯಾಖ್ಯಾನಕಾರನಾದ ಸರ್ವಿಯಸನು ಈ ಕಾವ್ಯಗಳಿಗೆ ವಿಸ್ತಾರವಾದ ಟೀಕೆಯನ್ನು ಬರೆದನು. ಮಿಲಾನಿನ ಪ್ರತಿಯಲ್ಲಿ ಪುಟದ ನಡುವೆ ವರ್ಜಿಲನ ಪದ್ಯಗಳೂ ಸುತ್ತಲೂ ಸರ್ವಿಯಸನ ವ್ಯಾಖ್ಯಾನವೂ ಇವೆ. ಇದನ್ನು ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ ಬರೆಸಲಾಯಿತು. ಯೂರೋಪಿನಲ್ಲಿ ಆಗಿನ್ನೂ ಮುದ್ರಣಯಂತ್ರ ಹುಟ್ಟಿರಲಿಲ್ಲ. ಪ್ರಾಣಿಗಳ ತೊಗಲನ್ನು ಹದಮಾಡಿ, ತೆಳುವಾಗಿ ಉಜ್ಜಿ, ಅದರ ಹಾಳೆಗಳ ಮೇಲೆ ಲಿಪಿಕಾರರು ಒಂದೊಂದೇ ಅಕ್ಷರವನ್ನು ಬರೆಯಬೇಕಾಗಿತ್ತು. ಇಂಥ ದೊಡ್ಡ ಗ್ರಂಥವೊಂದಕ್ಕೆ ಎಷ್ಟೋ ಪ್ರಾಣಿಗಳ ತೊಗಲೂ ಎಷ್ಟೋ ದಿನಗಳ ದುಡಿಮೆಯೂ ಬೇಕಾಗುತ್ತಿದ್ದವು. ಆದಕಾರಣ ಅಂದು ಗ್ರಂಥವೆಂದರೆ ಜ್ಞಾನವೂ ಹೌದು, ಬೆಲೆಬಾಳುವ ಸ್ವತ್ತೂ ಹೌದು.

ಈ ಪ್ರತಿಯ ಮೊದಲ ಒಡೆಯ ಫ್ರಾನ್ಸೆಸ್ಕೊ ಪೆಟ್ರಾರ್ಕ. 1304ರಲ್ಲಿ ಹುಟ್ಟಿ 1374ರಲ್ಲಿ ಕಾಲವಾದ ಈತನು ಕವಿ, ವಿದ್ವಾಂಸ. ಪ್ರಾಚೀನ ಗ್ರೀಕ್ ಮತ್ತು ರೋಮನ್ ವಿದ್ಯೆಗೆ ಮರುಹುಟ್ಟು ನೀಡಿದ ಪುನರುಜ್ಜೀವನ ಯುಗದ ಮುಂಗೋಳಿಯೆಂದು ಖ್ಯಾತನಾದವನು. ಈತನ ತಂದೆಯು ಫ್ಲಾರೆನ್ಸಿನಿಂದ ಗಡೀಪಾರಾಗಿ, ಆಗ ಪೋಪರ ಪೀಠವಾಗಿದ್ದ ಫ್ರಾನ್ಸಿನ ದಕ್ಷಿಣ ಭಾಗದ ಆವಿನ್ಯೋನ್ ನಗರದ ಕಡೆಗೆ ಬಂದು ನೆಲೆಸಿದ್ದನು. ಮಗನು ಕಾನೂನನ್ನು ಕಲಿತು ಹಣವಂತನಾಗಬೇಕೆಂಬುದು ಅವನ ಆಸೆ. ಮಗನ ಮನಸ್ಸಾದರೋ ಕಾವ್ಯದ ಕಡೆಗೆ. ಒಂದು ದಿನ ತಂದೆಯು, ಮಗನು ಬಚ್ಚಿಟ್ಟಿದ್ದ ಲ್ಯಾಟಿನ್ ಕವಿಗಳ ಪುಸ್ತಕಗಳನ್ನು ಹುಡುಕಿ ತೆಗೆದು ಬೆಂಕಿಗೆ ಎಸೆದನು. ಹುಡುಗನು ಗೋಳಾಡುವುದನ್ನು ಕಂಡಾಗ ಅವನ ಮನ ಕರಗಿತು. ಉರಿಯುವ ಬೆಂಕಿಯಿಂದ ಎರಡು ಪುಸ್ತಕಗಳನ್ನು ಸೆಳೆದು ಮಗನ ಕೈಗಿತ್ತನು. ಅವುಗಳಲ್ಲಿ ಒಂದು ವರ್ಜಿಲನ ಕೃತಿ. ಈ ಪ್ರಸಂಗವನ್ನು ಪೆಟ್ರಾರ್ಕನೇ ತನ್ನ ಮುಪ್ಪಿನ ಕಾಲದ ಪತ್ರವೊಂದರಲ್ಲಿ ಬರೆದಿದ್ದಾನೆ. ಮಿಲಾನಿನಲ್ಲಿರುವ ದೊಡ್ಡ ಪ್ರತಿಯನ್ನು ತಂದೆ ಮಗ ಇಬ್ಬರೂ ಸೇರಿ ಬರೆಸಿದರೆಂದು ವಿದ್ವಾಂಸರು ಹೇಳುತ್ತಾರೆ. ಪುಸ್ತಕವನ್ನು ಸುಡಹೊರಟ ಕೈಯೇ ಪುಸ್ತಕವನ್ನು ಬರೆಸಲು ನೆರವಾದುದು ಸೋಜಿಗವಾದರೂ ಮನುಷ್ಯ ಸ್ವಭಾವಕ್ಕೆ ದೂರವಾದುದಲ್ಲ.

ಪೆಟ್ರಾರ್ಕನಿಗೆ ಈ ಗ್ರಂಥವನ್ನು ನೆಮ್ಮದಿಯಾಗಿ ಅನುಭವಿಸುವ ಭಾಗ್ಯ ಬಹುಕಾಲ ಉಳಿಯಲಿಲ್ಲ. 1326ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ನವೆಂಬರ್ 1ರಂದು ಗ್ರಂಥವು ಕಳುವಾಯಿತು. ಕೈಬಿಟ್ಟ ಪುಸ್ತಕ ಮರಳಿ ಬಾರದೆಂಬುದು ಲೋಕರೂಢಿಯ ಮಾತು. ಆದರೆ ಈ ಪುಸ್ತಕವು ಹನ್ನೊಂದು ವರ್ಷಗಳಿಗೂ ಮೀರಿದ ಅಗಲಿಕೆಯ ಬಳಿಕ, 1338ರ ಏಪ್ರಿಲ್ 17ರಂದು, ಆವಿನ್ಯೋನ್ ನಗರದಲ್ಲಿ ಒಡೆಯನ ಕೈಸೇರಿತು. ಈ ಎರಡು ದಿನಾಂಕಗಳನ್ನೂ ಪೆಟ್ರಾರ್ಕನು ಗ್ರಂಥದಲ್ಲಿಯೇ ಬರೆದಿಟ್ಟನು. ಕದ್ದವನ ಹೆಸರನ್ನು ಮಾತ್ರ ಬರೆಯಲಿಲ್ಲ. ಕಳೆದುಹೋದುದು ಸಿಕ್ಕಿದ ಸಂತೋಷದಲ್ಲಿ ಸಿಯೆನಾ ನಗರದ ಸುಪ್ರಸಿದ್ಧ ಚಿತ್ರಕಾರ ಸಿಮೋನೆ ಮಾರ್ತಿನಿಯಿಂದ ಅದಕ್ಕೊಂದು ಮುಖಚಿತ್ರವನ್ನು ಬರೆಯಿಸಿದನು. ಆ ಚಿತ್ರದಲ್ಲಿ ವರ್ಜಿಲನು ಮರದಡಿಯಲ್ಲಿ ಲೇಖನಿ ಹಿಡಿದು ಒರಗಿದ್ದಾನೆ. ವ್ಯಾಖ್ಯಾನಕಾರ ಸರ್ವಿಯಸನು ತೆರೆಯನ್ನು ಸರಿಸಿ ಕವಿಯನ್ನು ತೋರಿಸುತ್ತಿದ್ದಾನೆ. ಈಟಿ ಹಿಡಿದ ವೀರ, ಬಳ್ಳಿ ಸವರುವ ರೈತ, ಹಾಲು ಕರೆಯುವ ಕುರುಬ ಈ ಮೂವರೂ ಕವಿಯ ಮೂರು ಕಾವ್ಯಗಳ ಪ್ರತಿನಿಧಿಗಳಾಗಿ ಅಲ್ಲಿದ್ದಾರೆ. ಅರ್ಥದ ತೆರೆಯನ್ನು ಸರಿಸುವುದೇ ವಿದ್ವಾಂಸನ ಕೆಲಸವೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಪೆಟ್ರಾರ್ಕನು ಈ ಗ್ರಂಥವನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದವನಲ್ಲ. ದಶಕಗಳ ಕಾಲ ಓದುತ್ತ, ಅಂಚುಗಳಲ್ಲಿ ತನ್ನ ಸಂದೇಹಗಳನ್ನೂ ಹೋಲಿಕೆಗಳನ್ನೂ ತಿದ್ದುಪಡಿಗಳನ್ನೂ ಹೇರಳವಾಗಿ ಬರೆಯುತ್ತ ಹೋದನು. ತಾನು ಕವಿತೆಗಳಲ್ಲಿ ಹಾಡಿದ ಲಾರಾಳನ್ನು ಮೊದಲು ಕಂಡುದು 1327ರ ಏಪ್ರಿಲ್ 6ರಂದು. ಅವಳು ತೀರಿಕೊಂಡುದು 1348ರ ಏಪ್ರಿಲ್ 6ರಂದು. ಈ ಸಂಗತಿಯನ್ನೂ ಆತನು ಬರೆದುದು ಈ ಗ್ರಂಥದಲ್ಲಿಯೇ. ತನ್ನ ಕಣ್ಣಿಗೆ ಪದೇ ಪದೇ ಬೀಳುವ ತಾಣವಿದು ಎಂಬುದೇ ಅದಕ್ಕೆ ಆತನು ಕೊಟ್ಟ ಕಾರಣ. 1361ರಲ್ಲಿ ಮಗ ಜೊವಾನ್ನಿ ಮೃತನಾದಾಗ ಆ ದುಃಖವೂ ಇಲ್ಲಿ ದಾಖಲಾಯಿತು. ಹೀಗೆ ವರ್ಜಿಲನ ಕಾವ್ಯದ ಪ್ರತಿಯು ಪೆಟ್ರಾರ್ಕನ ಬಾಳಿನ ದಿನಚರಿಯೂ ಆಯಿತು.

ಇಷ್ಟು ಕೇಳಿದವರು, 'ಗ್ರಂಥದ ನಿಜವಾದ ಒಡೆಯ ಅದನ್ನು ಓದಿದವನೇ' ಎಂದು ಒಡನೆಯೇ ತೀರ್ಪು ಕೊಡಬಹುದು. ಆ ಮಾತಿನಲ್ಲಿ ಸತ್ಯಾಂಶವುಂಟು. ಕಪಾಟಿನಲ್ಲಿ ಸಾವಿರ ಪುಸ್ತಕಗಳನ್ನಿಟ್ಟು ಒಂದನ್ನೂ ತೆರೆಯದವನು ಅವುಗಳ ಕಾವಲುಗಾರನಾದಾನೇ ಹೊರತು ಒಡೆಯನಾಗಲಾರನು. ಆದರೆ ಈ ತೀರ್ಪಿನಲ್ಲಿ ಒಂದು ಕೊರತೆಯಿದೆ. ಓದುಗನು ಎಷ್ಟೇ ದೊಡ್ಡವನಾದರೂ ಮರಣಾಧೀನನು. ಅವನ ಪ್ರೀತಿ ಅವನೊಡನೆ ಮುಗಿಯುತ್ತದೆ, ಪುಸ್ತಕವಾದರೋ ಉಳಿಯುತ್ತದೆ. ಮುಂದಿನ ವಾರಸುದಾರನು ಅದನ್ನು ಓದುವನೋ, ಮಾರುವನೋ, ಗೆದ್ದಲಿಗೆ ಬಿಡುವನೋ ಹೇಳಬಲ್ಲವರು ಯಾರು?

ಈ ಭಯವನ್ನು ಪೆಟ್ರಾರ್ಕನೂ ಅರಿತಿದ್ದನು. ಆದ್ದರಿಂದ 1362ರಲ್ಲಿ ಆತನು ವೆನಿಸ್ ಗಣರಾಜ್ಯದ ಮುಂದೆ ಒಂದು ಸಲಹೆಯನ್ನಿಟ್ಟನು. ತನ್ನ ಪುಸ್ತಕಗಳನ್ನು ಆ ನಗರಕ್ಕೆ ಒಪ್ಪಿಸುವುದಾಗಿಯೂ, ಅವುಗಳನ್ನು ಮಾರಬಾರದು, ಚದುರಿಸಬಾರದು, ಬೆಂಕಿ ಮಳೆಗಳ ಭಯವಿಲ್ಲದ ಸ್ಥಳದಲ್ಲಿರಿಸಿ ವಿದ್ಯಾಸಕ್ತರಿಗೆ ಉಪಯೋಗವಾಗುವಂತೆ ಕಾಪಾಡಬೇಕೆಂದೂ ಕೋರಿದನು. ಗಣರಾಜ್ಯವು ಒಪ್ಪಿ ಆತನ ವಾಸಕ್ಕೆ ಮನೆಯೊಂದನ್ನು ಕೊಟ್ಟಿತು. ಪುಸ್ತಕಗಳು ಒಬ್ಬನ ಸ್ವತ್ತಾಗಿ ಉಳಿಯದೆ ಸಮಾಜದ ಸ್ವತ್ತಾಗಬೇಕೆಂಬ ಈ ವಿಚಾರ ಆ ಕಾಲಕ್ಕೆ ಬಹಳ ಮುಂದುವರಿದುದಾಗಿತ್ತು. ದುರ್ದೈವದಿಂದ ಅದು ಕೈಗೂಡಲಿಲ್ಲ. ಕೆಲವು ವರ್ಷಗಳ ಬಳಿಕ ಪೆಟ್ರಾರ್ಕನು ವೆನಿಸನ್ನು ಬಿಟ್ಟು ಪಾದುವಾ ನಗರದ ಕಡೆಗೆ ಹೋದನು. ಸಮೀಪದ ಆರ್ಕ್ವಾ ಎಂಬ ಹಳ್ಳಿಯಲ್ಲಿ ಕಾಲವಾದನು. ಆತನ ಗ್ರಂಥಗಳು ಆತನು ಬಯಸಿದಂತೆ ಒಂದೆಡೆ ನಿಲ್ಲಲಿಲ್ಲ.

ಅವುಗಳಲ್ಲಿ ಬಹುಭಾಗವು ಪಾದುವಾದ ಅಧಿಪತಿಯಾದ ಕರಾರಾ ಮನೆತನದ ಫ್ರಾನ್ಸೆಸ್ಕೊವಿನ ವಶವಾಯಿತು. 1388ರಲ್ಲಿ ಮಿಲಾನಿನ ಅಧಿಪತಿ ಜಾನ್ ಗಲೆಯಾತ್ಸೊ ವಿಸ್ಕೊಂತಿಯು ಪಾದುವಾವನ್ನು ಗೆದ್ದನು. ಗೆದ್ದವನಿಗೆ ನಗರದೊಡನೆ ಗ್ರಂಥಗಳೂ ದಕ್ಕಿದವು. ಕವಿಯ ವರ್ಜಿಲನೂ ಪಾವಿಯಾ ನಗರದ ಕೋಟೆಯಲ್ಲಿದ್ದ ವಿಸ್ಕೊಂತಿಗಳ ಗ್ರಂಥಭಂಡಾರವನ್ನು ಸೇರಿದನು. 1426ರಲ್ಲಿ ಸಿದ್ಧವಾದ ಆ ಭಂಡಾರದ ಪಟ್ಟಿಯಲ್ಲಿ 988 ಗ್ರಂಥಗಳು ಕಾಣಿಸಿಕೊಂಡಿವೆ. ದೊರೆಗಳಿಗೆ ಗ್ರಂಥಭಂಡಾರವು ಕುದುರೆಲಾಯ, ಆಯುಧಶಾಲೆಗಳಂತೆ ವೈಭವದ ಗುರುತಾಗಿದ್ದಿತು. ಆದರೂ ಅವರನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ಅವರು ಪುಸ್ತಕಗಳನ್ನು ಮಳೆ ಗಾಳಿಗಳಿಂದ ಕಾಪಾಡಿದರು, ಪಟ್ಟಿಮಾಡಿಸಿದರು. ಹೆಮ್ಮೆಗಾಗಿ ಮಾಡಿದ ಕೆಲಸದಿಂದಲೂ ಲೋಕಕ್ಕೆ ಒಳಿತಾಗುವುದುಂಟು.

ಬಲದಿಂದ ಬಂದುದು ಬಲದಿಂದಲೇ ಹೋಯಿತು. 1499ರಲ್ಲಿ ಫ್ರಾನ್ಸಿನ ದೊರೆ ಹನ್ನೆರಡನೆಯ ಲೂಯಿಯು ಮಿಲಾನ್ ರಾಜ್ಯವನ್ನು ಗೆದ್ದು, ಪಾವಿಯಾದ ಗ್ರಂಥಗಳನ್ನು ತನ್ನ ನಾಡಿಗೆ ಸಾಗಿಸಿದನು. ಪೆಟ್ರಾರ್ಕನ ಇಪ್ಪತ್ತಕ್ಕೂ ಹೆಚ್ಚು ಗ್ರಂಥಗಳು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವುದಕ್ಕೆ ಕಾರಣ ಇದೇ. ಆದರೆ ವರ್ಜಿಲನ ಪ್ರತಿಯು ಹೋಗಲಿಲ್ಲ. ಅದು ಪಾವಿಯಾದ ನಿವಾಸಿ ಅಂತೋನಿಯೊ ದಿ ಪಿರ್ರೊ ಎಂಬಾತನ ಬಳಿ ಉಳಿಯಿತು. ಅರಮನೆಯ ಸ್ವತ್ತನ್ನು ತನ್ನಲ್ಲಿಟ್ಟುಕೊಂಡವನನ್ನು ಏನೆಂದು ಕರೆಯಬೇಕು? ಕಾನೂನಿನ ಕಣ್ಣಿಗೆ ಅವನ ಹಕ್ಕು ಬಲವಾದುದಲ್ಲ. ಆದರೆ ಊರೇ ಕೊಳ್ಳೆಹೋಗುತ್ತಿರುವಾಗ ಒಂದು ಗ್ರಂಥ ಅಲ್ಲಿಯೇ ಉಳಿದುದು ಅವನಂಥವರಿಂದ ಎಂಬುದೂ ನಿಜ. ಗ್ರಂಥಗಳ ಚರಿತ್ರೆಯಲ್ಲಿ ಅಪರಾಧಕ್ಕೂ ರಕ್ಷಣೆಗೂ ನಡುವಣ ಗೆರೆ ಕೆಲವೊಮ್ಮೆ ಕೂದಲೆಳೆಯಷ್ಟು ಸಣ್ಣದಾಗಿರುತ್ತದೆ.

ಅಲ್ಲಿಂದ ಮುಂದೆ ಸುಮಾರು ನೂರು ವರ್ಷಗಳ ಕಾಲ ಗ್ರಂಥವು ಖಾಸಗಿಯವರ ಕೈಯಿಂದ ಕೈಗೆ ಹೋಯಿತು. ಕಡೆಗೆ ಮಿಲಾನಿನ ಕಾರ್ಡಿನಲ್ ಫೆಡೆರಿಕೊ ಬೊರೊಮೆಯೊ ಅದನ್ನು ಬೆಲೆಕೊಟ್ಟು ಕೊಂಡನು. ಈತನು ದೇಶದೇಶಗಳಿಗೆ ವಿದ್ವಾಂಸರನ್ನು ಕಳುಹಿಸಿ ಗ್ರಂಥಗಳನ್ನು ತರಿಸಿ, ಮಿಲಾನಿನ ರಕ್ಷಕ ಸಂತನಾದ ಆಂಬ್ರೋಸನ ಹೆಸರಿನಲ್ಲಿ ಒಂದು ಗ್ರಂಥಾಲಯವನ್ನು ಸ್ಥಾಪಿಸಿದನು. 1609ರ ಡಿಸೆಂಬರ್ 8ರಂದು ಅದರ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ಹಲವು ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದ ಕಾಲವದು. ಇಲ್ಲಿ ಕೇಳಿದವರಿಗೆ ಗ್ರಂಥವನ್ನು ಕೊಡಬೇಕು, ಕುಳಿತುಕೊಳ್ಳಲು ಆಸನವನ್ನೂ ಬರೆದುಕೊಳ್ಳಲು ಕಾಗದ, ಲೇಖನಿ, ಮಸಿಗಳನ್ನೂ ಒದಗಿಸಬೇಕು ಎಂಬ ಕಟ್ಟಳೆ ಇದ್ದಿತೆಂದು ಇಟಲಿಯ ಕಾದಂಬರಿಕಾರ ಮಾನ್ಜೋನಿ ಮೆಚ್ಚಿ ಬರೆದಿದ್ದಾನೆ. ಪೆಟ್ರಾರ್ಕನು ವೆನಿಸಿನಲ್ಲಿ ಕಂಡ ಕನಸು ಸುಮಾರು ಎರಡೂವರೆ ಶತಮಾನಗಳ ಬಳಿಕ, ಬೇರೊಂದು ನಗರದಲ್ಲಿ, ಆತನ ಅಚ್ಚುಮೆಚ್ಚಿನ ಒಂದು ಗ್ರಂಥದ ಮಟ್ಟಿಗಾದರೂ ನನಸಾಯಿತು.

ಗ್ರಂಥದ ಅಲೆದಾಟ ಇಷ್ಟಕ್ಕೆ ಮುಗಿಯಲಿಲ್ಲ. 1796ರಲ್ಲಿ ನೆಪೋಲಿಯನ್ ಬೊನಪಾರ್ಟನ ಸೇನೆ ಮಿಲಾನನ್ನು ಪ್ರವೇಶಿಸಿತು. ಗೆದ್ದ ನಾಡುಗಳ ಚಿತ್ರಗಳು, ಶಿಲ್ಪಗಳು, ಗ್ರಂಥಗಳು ಬಂಡಿಗಳನ್ನೇರಿ ಪ್ಯಾರಿಸಿನ ಹಾದಿ ಹಿಡಿದವು. ಪೆಟ್ರಾರ್ಕನ ವರ್ಜಿಲನೂ, ಮಹಾ ಕಲಾವಿದ ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿ ಪುಸ್ತಕಗಳೂ ಅವುಗಳಲ್ಲಿ ಇದ್ದವು. ಇದನ್ನು ಸಮರ್ಥಿಸಿದವರ ವಾದ ಹೀಗಿತ್ತು: ಕಲೆ ಮತ್ತು ವಿದ್ಯೆಗಳ ನಿಧಿಗಳಿಗೆ ಸ್ವತಂತ್ರ ಜನರ ನಾಡೇ ತಕ್ಕ ನೆಲೆ, ಪ್ಯಾರಿಸಿನಲ್ಲಿ ಎಲ್ಲ ದೇಶಗಳ ವಿದ್ವಾಂಸರೂ ಅವುಗಳನ್ನು ಒಂದೆಡೆ ಕಾಣಬಹುದು.

ಮೇಲುನೋಟಕ್ಕೆ ಈ ವಾದ ಉದಾರವಾಗಿಯೇ ತೋರುತ್ತದೆ. ಹೆಚ್ಚು ಜನ ಓದುವಂತಾದರೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ನೆರೆಯವನ ಬಾವಿಯನ್ನು ವಶಪಡಿಸಿಕೊಂಡು, 'ನೀರನ್ನು ಎಲ್ಲರಿಗೂ ಹಂಚುತ್ತೇನೆ' ಎನ್ನುವವನ ಔದಾರ್ಯವನ್ನು ನಂಬುವುದು ಹೇಗೆ? ಆಂಬ್ರೋಸಿಯನ್ ಗ್ರಂಥಾಲಯವು ಆ ವೇಳೆಗಾಗಲೇ ನೂರೆಂಬತ್ತಾರು ವರ್ಷಗಳಿಂದ ಓದುಗರಿಗೆ ತೆರೆದಿತ್ತು. ಅಲ್ಲಿಂದ ಗ್ರಂಥವನ್ನು ಎತ್ತಿಕೊಂಡು ಹೋದುದು ಓದುಗರಿಗೆ ಉಪಕಾರವಾಗದು. 1815ರಲ್ಲಿ ನೆಪೋಲಿಯನ್ನನು ಸೋತ ಮೇಲೆ ವರ್ಜಿಲನ ಪ್ರತಿ ಮಿಲಾನಿಗೆ ಹಿಂದಿರುಗಿತು. ಲಿಯೊನಾರ್ಡೊವಿನ 'ಅಟ್ಲಾಂಟಿಕಸ್' ಎಂಬ ಬೃಹತ್ ಸಂಪುಟವೂ ಮರಳಿತು. ಆದರೆ ಆತನ ಹನ್ನೆರಡು ಟಿಪ್ಪಣಿ ಪುಸ್ತಕಗಳು ಪ್ಯಾರಿಸಿನಲ್ಲಿಯೇ ಉಳಿದುಹೋದವು.

ಇಲ್ಲಿ ಒಂದು ಕಠಿಣವಾದ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಫ್ರೆಂಚರು ಬಲದಿಂದ ಒಯ್ದುದು ತಪ್ಪಾದರೆ, 1388ರಲ್ಲಿ ಮಿಲಾನಿನ ಅಧಿಪತಿಯು ಪಾದುವಾದಿಂದ ಒಯ್ದುದು ಸರಿಯೇ? ಹಾಗಿದ್ದ ಮೇಲೆ ಗ್ರಂಥವನ್ನು ಪಾದುವಾಕ್ಕೆ ಹಿಂದಿರುಗಿಸಬೇಕಲ್ಲವೇ? ವೆನಿಸಿಗೆ ಮಾತು ಕೊಟ್ಟಿದ್ದುದರಿಂದ ಆ ನಗರಕ್ಕೂ ಹಕ್ಕಿಲ್ಲವೇ? ಗ್ರಂಥವು ಆವಿನ್ಯೋನಿನಲ್ಲಿ ಮರಳಿ ದೊರೆತುದರಿಂದ ಫ್ರಾನ್ಸಿಗೂ ಒಂದು ಪಾಲುಂಟಲ್ಲವೇ? ಹೀಗೆ ಹಿಂದೆ ಹಿಂದೆ ಹೋಗುತ್ತಿದ್ದರೆ ಕೊನೆಯೇ ಇಲ್ಲ. ಹಳೆಯ ಸ್ವತ್ತುಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಕಳಂಕವಿಲ್ಲದ ಒಡೆತನವನ್ನು ಹುಡುಕುವುದು ಕಷ್ಟ. 1388ರ ಗೆಲುವನ್ನು ಯಾರೂ ಧರ್ಮವೆಂದು ಹೊಗಳಬೇಕಾಗಿಲ್ಲ. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಆಂಬ್ರೋಸಿಯನ್ ಗ್ರಂಥಾಲಯದ ಹಕ್ಕು ಕತ್ತಿಯಿಂದ ಬಂದುದಲ್ಲ. ಬೆಲೆಕೊಟ್ಟು ಕೊಂಡುದರಿಂದ ಬಂದುದು. ಎರಡನೆಯದು, ಕೊಂಡವನು ಅದನ್ನು ತನಗಾಗಿ ಕೊಳ್ಳಲಿಲ್ಲ. ಹಿಂದಿನ ಒಡೆಯರೆಲ್ಲರೂ 'ಇದು ನನ್ನದು' ಎಂದು ಹೇಳಿದ ಕಡೆ ಆತನು 'ಇದು ಬಂದು ಓದುವವರದು' ಎಂದು ಹೇಳಿದಂತಾಯಿತು. ಒಡೆತನದ ಸರಪಳಿಯಲ್ಲಿ ಎಲ್ಲಿಯಾದರೂ ಒಂದೆಡೆ ನಿಲ್ಲಲೇಬೇಕಾದರೆ, ಸ್ವತ್ತು ಒಬ್ಬನದಾಗಿರುವುದನ್ನು ಬಿಟ್ಟು ಎಲ್ಲರದಾದ ಆ ಗಳಿಗೆಯಲ್ಲಿ ನಿಲ್ಲುವುದೇ ಯುಕ್ತ.

ಹೀಗೆಂದ ಮಾತ್ರಕ್ಕೆ ಖಾಸಗಿ ಒಡೆಯರನ್ನು ತುಚ್ಛವಾಗಿ ಕಾಣಬಾರದು. ಗ್ರಂಥವನ್ನು ಬರೆಸಲು ಒಬ್ಬ ತಂದೆ ಬೇಕಾಯಿತು. ಅದಕ್ಕೆ ಜೀವ ತುಂಬಲು ಒಬ್ಬ ಓದುಗ ಬೇಕಾಯಿತು. ಕೊಳ್ಳೆಯ ಕಾಲದಲ್ಲಿ ಅದನ್ನು ಉಳಿಸಿಕೊಳ್ಳಲು ಒಂದು ಸಾಮಾನ್ಯ ಮನೆ ಬೇಕಾಯಿತು. ಕೊನೆಗೆ ಅದನ್ನು ಕಾಯಲು, ವ್ಯಕ್ತಿಗಳು ಅಳಿದರೂ ತಾನು ಅಳಿಯದ ಒಂದು ಸಂಸ್ಥೆ ಬೇಕಾಯಿತು. ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಇಂದು ಆ ಗ್ರಂಥವು ಇರುತ್ತಿತ್ತೆಂದು ಹೇಳಲಾಗದು. ಸಂಸ್ಥೆಗೂ ಅಪಾಯಗಳು ತಪ್ಪಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1943ರ ಆಗಸ್ಟ್ ತಿಂಗಳಲ್ಲಿ, ಆಂಬ್ರೋಸಿಯನ್ ಗ್ರಂಥಾಲಯದ ಕಟ್ಟಡವು ಬಾಂಬುಗಳಿಗೆ ತುತ್ತಾಗಿ ಅನೇಕ ಮುದ್ರಿತ ಪುಸ್ತಕಗಳು ನಾಶವಾದವು. ಪೆಟ್ರಾರ್ಕನ ವರ್ಜಿಲನು ಆ ಯುದ್ಧವನ್ನೂ ದಾಟಿ ಉಳಿದನು. 1930ರಲ್ಲಿ ಇದರ ಪ್ರತಿಪುಟದ ತದ್ರೂಪು ಮುದ್ರಣವೂ ಪ್ರಕಟವಾಗಿದ್ದಿತು. ಮೂಲವು ಒಂದೇ ಆದರೂ ಅದರ ನೆರಳು ಹಲವು ನಾಡುಗಳ ಓದುಗರನ್ನು ಮುಟ್ಟುವಂತಾಯಿತು.

ಗ್ರಂಥದ ಒಡೆಯನಾರು ಎಂಬ ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹಣವು ಗ್ರಂಥವನ್ನು ಮನೆಗೆ ತರಬಲ್ಲುದು. ಬಲವು ಅದನ್ನು ಗಡಿ ದಾಟಿಸಬಲ್ಲುದು. ಓದು ಅದನ್ನು ಮನಸ್ಸಿಗೆ ತರಬಲ್ಲುದು. ಆದರೆ ಮಾನವಕುಲಕ್ಕೆ ಸೇರಿದ ಗ್ರಂಥದ ಮೇಲೆ ಪೂರ್ಣವಾದ ಒಡೆತನ ಯಾರಿಗೂ ಇಲ್ಲ. ಅದನ್ನು ಕೈಯಲ್ಲಿ ಹಿಡಿದವರೆಲ್ಲರೂ ತಮಗಿಂತ ಹಿಂದಿನವರಿಂದ ಎರವಲು ಪಡೆದವರು. ತಮ್ಮ ಮುಂದಿನವರಿಗೆ ಸಾಲಗಾರರು. ಒಡೆತನವೆಂದರೆ ಇಲ್ಲಿ ಹಕ್ಕಿಗಿಂತ ಹೊಣೆಯೇ ದೊಡ್ಡದು.

ಈ ಹೊಣೆಯು ಮಿಲಾನಿನಂಥ ಹಿರಿಯ ಗ್ರಂಥಾಲಯಗಳಿಗೆ ಮಾತ್ರ ಸೇರಿದುದೆಂದು ತಿಳಿಯಬಾರದು. ಶಾಲೆಯ ಗ್ರಂಥಾಲಯದಿಂದ ಒಂದು ಪುಸ್ತಕವನ್ನು ಪಡೆದ ವಿದ್ಯಾರ್ಥಿಯೂ ಹದಿನೈದು ದಿನಗಳ ಮಟ್ಟಿಗೆ ಅದರ ಒಡೆಯನೇ. ಪೆಟ್ರಾರ್ಕನು ತನ್ನ ಸ್ವಂತ ಪುಸ್ತಕದ ಅಂಚಿನಲ್ಲಿ ಬರೆದನೆಂದು ಆ ವಿದ್ಯಾರ್ಥಿಯು ಎಲ್ಲರ ಪುಸ್ತಕದ ಅಂಚಿನಲ್ಲಿ ಗೀಚಬೇಕಾಗಿಲ್ಲ. ಆದರೆ ಪೆಟ್ರಾರ್ಕನಂತೆ ಮನಮುಟ್ಟಿ ಓದಬಹುದು. ಪುಟವೊಂದನ್ನು ಹರಿಯದೆ, ಮೂಲೆಯೊಂದನ್ನು ಮಡಿಸದೆ, ಗೊತ್ತಾದ ದಿನಕ್ಕೆ ಹಿಂದಿರುಗಿಸಿದಾಗ, ಮುಖ ಕಾಣದ ಮುಂದಿನ ಓದುಗನೊಬ್ಬನಿಗೆ ಅವನು ತನ್ನ ಸಾಲವನ್ನು ತೀರಿಸಿದಂತಾಗುತ್ತದೆ.